ಆಟದ ಕೀರ್ತಿಯೂ ಊರಿನ ಮೌನವೂ

ಒಂದು ಊರಿನ ಶೀಲವನ್ನು ಅಳೆಯಬೇಕಾದರೆ ಅಲ್ಲಿಯ ಅಪರಾಧಿಗಳ ಸಂಖ್ಯೆಯನ್ನು ಎಣಿಸಿದರೆ ಸಾಲದು. ಅಪರಾಧವು ನಡೆದ ಮರುದಿನ ಬೆಳಿಗ್ಗೆ ಅಲ್ಲಿಯ ಗೌರವಸ್ಥರು ಏನು ಮಾಡಿದರೆಂಬುದನ್ನು ವಿಚಾರಿಸಬೇಕು. ದುಷ್ಟರಿಲ್ಲದ ಊರು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಆದರೆ ದುಷ್ಟಕೃತ್ಯವನ್ನು ಕಂಡೂ ಕಾಣದವರಂತೆ ಇದ್ದುಬಿಡುವುದೇ ಲೋಕವ್ಯವಹಾರವೆಂದು ಬಲ್ಲವರೂ ಭಾವಿಸತೊಡಗಿದರೆ, ಆ ಊರಿನಲ್ಲಿ ದುಷ್ಟರು ಎಷ್ಟೇ ಕಡಮೆಯಾಗಿದ್ದರೂ ನಿರ್ಬಲರಿಗೆ ರಕ್ಷಣೆಯಿಲ್ಲವೆಂದೇ ಹೇಳಬೇಕು.

ಈ ಮಾತನ್ನು ಮನಸ್ಸಿಗೆ ತಟ್ಟುವಂತೆ ತೋರಿಸಿಕೊಡುವ ಸಾಕ್ಷ್ಯಚಿತ್ರವೊಂದು ಅಮೆರಿಕಾ ದೇಶದಲ್ಲಿ ತಯಾರಾಗಿದೆ. ಅದರ ಹೆಸರು ‘ರೋಲ್ ರೆಡ್ ರೋಲ್’. ನ್ಯಾನ್ಸಿ ಶ್ವಾರ್ಟ್ಸ್‌ಮನ್ ಎಂಬ ಮಹಿಳೆ ನಿರ್ದೇಶಿಸಿದ ಈ ಚಿತ್ರವು 2018ರಲ್ಲಿ ನ್ಯೂಯಾರ್ಕಿನ ಟ್ರೈಬೆಕಾ ಚಲನಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಗಿ, 2019ರಲ್ಲಿ ಆ ದೇಶದ ಸಾರ್ವಜನಿಕ ದೂರದರ್ಶನದಲ್ಲಿ ಪ್ರಸಾರವಾಯಿತು. ಹೈಸ್ಕೂಲೊಂದರ ಫುಟ್‌ಬಾಲ್ ತಂಡದ ಹುಡುಗರು ಒಂದು ಹುಡುಗಿಯ ಮೇಲೆ ನಡೆಸಿದ ಅತ್ಯಾಚಾರವೇ ಅದರ ವಸ್ತು. ಆದರೆ ಚಿತ್ರದ ದೃಷ್ಟಿ ನೆಟ್ಟಿರುವುದು ಆ ಇಬ್ಬರು ಹುಡುಗರ ಮೇಲೆ ಮಾತ್ರವಲ್ಲ. ಅವರ ಸುತ್ತ ನಿಂತು ನೋಡಿದವರ ಮೇಲೆ, ನಕ್ಕವರ ಮೇಲೆ, ಕೇಳಿಯೂ ಸುಮ್ಮನಿದ್ದ ಹಿರಿಯರ ಮೇಲೆ.

ದೂರದ ದೇಶದ, ನಮಗೆ ಹೆಸರೂ ತಿಳಿಯದ ಊರೊಂದರ ಕಥೆಯಿಂದ ಮೈಸೂರಿನ ಗೃಹಸ್ಥರಿಗೆ ಆಗಬೇಕಾದುದೇನೆಂದು ವಾಚಕರು ಕೇಳಬಹುದು. ಸರಸ್ವತೀಪುರಂ ಬಡಾವಣೆಯ ಬೆಳಗನ್ನು ಬಲ್ಲವರು ಈ ಪ್ರಶ್ನೆಗೆ ತಾವೇ ಉತ್ತರ ಕೊಟ್ಟುಕೊಳ್ಳಬಹುದು. ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಹೋಗುವ ಮಕ್ಕಳು, ಹೆಗಲಿಗೆ ಚೀಲ ಹಾಕಿಕೊಂಡು ಅಭ್ಯಾಸಕ್ಕೆ ಹೊರಟ ಹೈಸ್ಕೂಲಿನ ಬಾಲಕ ಬಾಲಕಿಯರು, ಮಹಿಳಾ ಕಾಲೇಜಿನ ಹಾದಿ ಹಿಡಿದ ವಿದ್ಯಾರ್ಥಿನಿಯರು, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಡುವ ನಿವೃತ್ತ ಅಧಿಕಾರಿಗಳು, ಇವರೆಲ್ಲರೂ ಒಂದೇ ಗಳಿಗೆಯಲ್ಲಿ ಅಲ್ಲಿ ಕಾಣಸಿಗುತ್ತಾರೆ. ತಮ್ಮ ಮಕ್ಕಳನ್ನು ಒಬ್ಬ ತರಬೇತುದಾರನ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ಮನೆಗೆ ಹಿಂದಿರುಗುವ ತಂದೆತಾಯಿಗಳು ಪ್ರಪಂಚದ ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯವರು. ಆ ನಿಶ್ಚಿಂತೆಗೆ ಆಧಾರವೇನೆಂಬುದೇ ಇಲ್ಲಿಯ ಪ್ರಶ್ನೆ.

ಸ್ಟ್ಯೂಬೆನ್‌ವಿಲ್ಲಿನ ವೃತ್ತಾಂತ

ಒಹಾಯೊ ಸಂಸ್ಥಾನದಲ್ಲಿ ಅದೇ ಹೆಸರಿನ ನದಿಯ ದಡದಲ್ಲಿ ಸ್ಟ್ಯೂಬೆನ್‌ವಿಲ್ ಎಂಬ ಪಟ್ಟಣವಿದೆ. ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಗಳಿಂದ ಸಂಪನ್ನವಾಗಿದ್ದ ಊರು. ಕಾರ್ಖಾನೆಗಳು ಮುಚ್ಚಿದ ಮೇಲೆ ಜನ ಕರಗಿ, 2010ರ ಸುಮಾರಿಗೆ 18,000ದಷ್ಟಕ್ಕೆ ಇಳಿಯಿತು. ಕೆಲಸ ಹೋಯಿತು, ಅಂಗಡಿ ಬೀದಿಗಳು ಬಿಕೋ ಎಂದವು. ಉಳಿದ ಹೆಮ್ಮೆಯೆಂದರೆ ಹೈಸ್ಕೂಲಿನ ಫುಟ್‌ಬಾಲ್ ತಂಡವೊಂದೇ. ಇಷ್ಟು ಚಿಕ್ಕ ಊರಿಗೆ ಸುಮಾರು 10,000 ಮಂದಿ ಕೂಡಬಹುದಾದ ಕ್ರೀಡಾಂಗಣ. ತಂಡವು ಅಂಕ ಗಳಿಸಿದಾಗ ಬಾಯಿಯಿಂದ ಬೆಂಕಿ ಉಗುಳುವ ಕುದುರೆಯ ಪ್ರತಿಮೆ! ಚಿತ್ರದ ಹೆಸರೂ ಆ ತಂಡದ ಬೆಂಬಲಿಗರ ಘೋಷವಾಕ್ಯವೇ ಆಗಿದೆ. ಸೋತುಹೋದ ಊರೊಂದು ತನ್ನ ಮಾನವನ್ನೆಲ್ಲ ಹದಿನಾರು ಹದಿನೇಳು ವರ್ಷದ ಹುಡುಗರ ಹೆಗಲ ಮೇಲೆ ಹೊರಿಸಿದ್ದಿತು. ಆ ಹುಡುಗರಿಗೆ ಊರಿನಲ್ಲಿ ತಡೆಯೆಂಬುದೇ ಇರಲಿಲ್ಲವೆಂದರೆ ಆಶ್ಚರ್ಯವೇನು?

2012ರ ಆಗಸ್ಟ್ 11ರ ರಾತ್ರಿ, ಶಾಲೆ ತೆರೆಯುವ ಮುಂಚೆ, ಈ ಹುಡುಗರು ಮದ್ಯಪಾನದ ಕೂಟಗಳಲ್ಲಿ ಸೇರಿದ್ದರು. ನದಿಯ ಆಚೆಯ ಪಶ್ಚಿಮ ವರ್ಜೀನಿಯಾದಿಂದ ಬಂದಿದ್ದ 16 ವರ್ಷದ ಹುಡುಗಿಯೊಬ್ಬಳು ಕುಡಿತದಿಂದ ಮೈಮೇಲೆ ಎಚ್ಚರವಿಲ್ಲದ ಸ್ಥಿತಿಗೆ ಬಂದಳು. ಅವಳನ್ನು ಒಂದು ಮನೆಯಿಂದ ಮತ್ತೊಂದಕ್ಕೆ ಸಾಗಿಸಿದರು. ಅವಳ ಮೇಲೆ ಅತ್ಯಾಚಾರ ನಡೆಯಿತು. ಸುತ್ತಲಿದ್ದವರು ಅದನ್ನು ಮೊಬೈಲ್ ಫೋನುಗಳಲ್ಲಿ ಚಿತ್ರ ತೆಗೆದು, ಪರಿಹಾಸ್ಯದ ಮಾತುಗಳೊಡನೆ ಎಲ್ಲರಿಗೂ ಕಾಣುವಂತೆ ಹಂಚಿದರು. ಮರುದಿನ ಬೆಳಿಗ್ಗೆ ಅವಳಿಗೆ ಏನೊಂದೂ ನೆನಪಿರಲಿಲ್ಲ. ತನಗೆ ಏನಾಯಿತೆಂಬುದನ್ನು ಆ ಬಾಲಿಕೆಯು ತಿಳಿದುಕೊಂಡದ್ದು ಅನ್ಯರ ಫೋನುಗಳಲ್ಲಿ ಹರಿದಾಡುತ್ತಿದ್ದ ಚಿತ್ರಗಳಿಂದ, ಸಂದೇಶಗಳಿಂದ. ಇದಕ್ಕಿಂತ ಹೃದಯವಿದ್ರಾವಕವಾದ ಸಂಗತಿ ಯಾವುದಿದ್ದೀತು?

ಆಗಸ್ಟ್ ತಿಂಗಳು ಮುಗಿಯುವ ಮುನ್ನವೇ ಇಬ್ಬರು ಆಟಗಾರರ ಬಂಧನವಾಯಿತು. ಆ ಊರಿನಲ್ಲಿ ಹಿಂದೆ ವಾಸವಾಗಿದ್ದ ಅಲೆಕ್ಸಾಂಡ್ರಿಯಾ ಗೊಡ್ಡಾರ್ಡ್ ಎಂಬ ಮಹಿಳೆ, ಹುಡುಗರು ಅಳಿಸಿಹಾಕುವ ಮೊದಲೇ ಅವರ ಸಂದೇಶಗಳನ್ನೂ ಚಿತ್ರಗಳನ್ನೂ ಸಂಗ್ರಹಿಸಿ ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರ್ ಮಧ್ಯಭಾಗದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ದೀರ್ಘ ವರದಿಯಿಂದ ವಿಷಯವು ದೇಶಕ್ಕೆಲ್ಲ ತಿಳಿಯಿತು. ದೆಹಲಿಯಲ್ಲಿ ಬಸ್ಸಿನೊಳಗೆ ತರುಣಿಯೊಬ್ಬಳ ಮೇಲೆ ನಡೆದ ಘೋರ ಕೃತ್ಯದಿಂದ ನಮ್ಮ ದೇಶವೆಲ್ಲ ತಲ್ಲಣಿಸಿದ್ದೂ ಅದೇ ವಾರದಲ್ಲಿ ಎಂಬುದು ಗಮನಾರ್ಹ. 2013ರ ಮಾರ್ಚ್ 17ರಂದು ಬಾಲನ್ಯಾಯಾಲಯವು ಇಬ್ಬರನ್ನೂ ತಪ್ಪಿತಸ್ಥರೆಂದು ನಿರ್ಣಯಿಸಿತು. ಒಬ್ಬನಿಗೆ ಕನಿಷ್ಠ ಒಂದು ವರ್ಷದ ಬಂಧನ; ಹುಡುಗಿಯ ಚಿತ್ರವನ್ನು ಹಂಚಿದ ಅಪರಾಧವೂ ಸೇರಿದ್ದ ಮತ್ತೊಬ್ಬನಿಗೆ ಕನಿಷ್ಠ ಎರಡು ವರ್ಷ.

ಸುತ್ತ ನಿಂತವರು

ಕಾನೂನಿನ ಕಥೆ ಇಲ್ಲಿಗೆ ಮುಗಿಯಿತು. ಚಿತ್ರದ ನಿಜವಾದ ಕಥೆ ಆರಂಭವಾಗುವುದು ಇಲ್ಲಿಂದ. ಪೋಲೀಸರು ಹುಡುಗರನ್ನು ಪ್ರಶ್ನಿಸಿದಾಗಿನ ಮುದ್ರಿಕೆಗಳನ್ನು ನಿರ್ದೇಶಕರು ಹಾಗೆಯೇ ನಮ್ಮ ಮುಂದೆ ಇಟ್ಟಿದ್ದಾರೆ. ಅಲ್ಲಿ ಕಾಣುವವರು ರಾಕ್ಷಸರಲ್ಲ. ಮನೆಯಲ್ಲಿ ಊಟಮಾಡಿ, ಶಾಲೆಗೆ ಹೋಗಿ, ಹಿರಿಯರಿಗೆ ವಿನಯದಿಂದ ಉತ್ತರ ಕೊಡುವ ಸಾಧಾರಣ ಹುಡುಗರು. ಮೂವರು ಹುಡುಗರು ತಮ್ಮ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ಭರವಸೆಯ ಮೇಲೆ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಒಬ್ಬನು ತಾನೇ ಚಿತ್ರೀಕರಿಸಿ ಅನಂತರ ಅದನ್ನು ಅಳಿಸಿಹಾಕಿದುದಾಗಿ ಒಪ್ಪಿಕೊಂಡನು. ಇನ್ನೊಬ್ಬನು ಅದೇ ರಾತ್ರಿ, ಕುಡಿದಿದ್ದ ಸ್ನೇಹಿತನು ಕಾರು ಓಡಿಸದಂತೆ ತಡೆದಿದ್ದನು. ಆದರೆ ಕಣ್ಣೆದುರಿನಲ್ಲಿ ಹುಡುಗಿಗೆ ಆಗುತ್ತಿದ್ದುದನ್ನು ತಡೆಯಲಿಲ್ಲ. ಏಕೆಂದು ಕೇಳಿದರೆ, ಬಲಪ್ರಯೋಗದ ಹೊಡೆದಾಟವಿದ್ದರೆ ಮಾತ್ರ ಅತ್ಯಾಚಾರವೆಂದು ತಾನು ತಿಳಿದಿದ್ದುದಾಗಿ ಹೇಳಿದನು.

ಈ ಒಂದು ಉತ್ತರದ ಮೇಲೆ ಶಿಕ್ಷಣ ಇಲಾಖೆಯ ಅಧಿಕಾರಿಗಳು ಎಷ್ಟು ಹೊತ್ತು ಚಿಂತಿಸಿದರೂ ಸಾಲದು. ಕುಡಿದು ಕಾರು ಓಡಿಸಬಾರದೆಂಬ ಪಾಠ ಆ ಹುಡುಗನಿಗೆ ಯಾರೋ ಕಲಿಸಿದ್ದರು. ಆದುದರಿಂದ ಅವನು ತಡೆದನು. ಎಚ್ಚರವಿಲ್ಲದವಳ ಮೈ ಮುಟ್ಟುವುದು ಮಹಾಪರಾಧವೆಂಬ ಪಾಠವನ್ನು ಯಾರೂ ಕಲಿಸಿರಲಿಲ್ಲ. ಆದುದರಿಂದ ಅವನು ನೋಡುತ್ತ ನಿಂತನು. ಅವನಿಗೆ ದಿನಕ್ಕೆ ಗಂಟೆಗಟ್ಟಲೆ ಚೆಂಡಾಟವನ್ನು ಕಲಿಸಲು ಮಾತ್ರ ವೇತನ ಪಡೆಯುವ ಗುರುಗಳಿದ್ದರು.

ಆ ಗುರುಗಳ ವಿಷಯವನ್ನೂ ಹೇಳಬೇಕು. ತರಬೇತುದಾರರು ಹೇಗಾದರೂ ತಮ್ಮನ್ನು ಕಾಪಾಡುವರೆಂಬ ಧೈರ್ಯವು ಹುಡುಗರ ಸಂದೇಶಗಳಲ್ಲಿಯೇ ವ್ಯಕ್ತವಾಗಿ, ಅವು ನ್ಯಾಯಾಲಯದಲ್ಲಿ ಓದಲ್ಪಟ್ಟವು. ಆ ಪ್ರಧಾನ ತರಬೇತುದಾರರ ಮೇಲೆ ಯಾವ ಆಪಾದನೆಯನ್ನೂ ಹೊರಿಸಲಾಗಲಿಲ್ಲ. ಅವರು ಕೆಲಸದಲ್ಲಿ ಮುಂದುವರಿದರು. ಹುಡುಗರ ಮನಸ್ಸಿನಲ್ಲಿ ಆ ಧೈರ್ಯ ಎಲ್ಲಿಂದ ಬಂದಿತೆಂಬುದು ಮಾತ್ರ ಉತ್ತರವಿಲ್ಲದ ಪ್ರಶ್ನೆಯಾಗಿ ಉಳಿಯಿತು. 2013ರ ನವೆಂಬರಿನಲ್ಲಿ ವಿಶೇಷ ತನಿಖಾ ಪಂಚಾಯಿತಿಯು ಶಾಲೆಗಳ ಮುಖ್ಯಾಧಿಕಾರಿಯ ಮೇಲೆ ತನಿಖೆಗೆ ಅಡ್ಡಿಮಾಡಿದ ಮೊದಲಾದ ಆಪಾದನೆಗಳನ್ನು ಹೊರಿಸಿತು. 2015ರಲ್ಲಿ ಅವರು ರಾಜೀನಾಮೆಯಿತ್ತ ಮೇಲೆ ಅವನ್ನು ಕೈಬಿಡಲಾಯಿತು. ಶಿಕ್ಷೆ ಮುಗಿಸಿದ ಹುಡುಗರಲ್ಲೊಬ್ಬನು 2014ರಲ್ಲಿ ಅದೇ ತಂಡಕ್ಕೆ ಹಿಂದಿರುಗಿದನು.

ಇನ್ನು ಊರಿನ ಮಾತು. ‘ಅವಳು ಅಲ್ಲಿಗೆ ಏಕೆ ಹೋದಳು? ಏಕೆ ಕುಡಿದಳು? ಒಳ್ಳೆಯ ಹುಡುಗರ ಭವಿಷ್ಯವು ಮಣ್ಣುಪಾಲಾಯಿತಲ್ಲ!’ ಊರಿನಲ್ಲಿ ಅನೇಕರ ನಾಲಗೆಯ ಮೇಲೆ ಬಂದ ಪ್ರಶ್ನೆಗಳು ಇವು. ತೀರ್ಪಿನ ದಿನ ಕೆಲವು ದೂರದರ್ಶನ ಸಂಸ್ಥೆಗಳೂ ಶಿಕ್ಷೆಗೊಳಗಾದ ಹುಡುಗರ ಭವಿಷ್ಯಕ್ಕಾಗಿ ಮರುಗಿ ಟೀಕೆಗೆ ಗುರಿಯಾದವು. ನಮ್ಮಲ್ಲಿ ಒಂದು ಗಾದೆಯಿದೆ: ಮುಳ್ಳು ಎಲೆಯ ಮೇಲೆ ಬಿದ್ದರೂ ಎಲೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಎಲೆಯೇ ಎಂದು. ಗಾದೆಯನ್ನು ಕಟ್ಟಿದವರು ಲೋಕದ ರೀತಿಯನ್ನು ಕಂಡು ನೊಂದು ಹೇಳಿರಬಹುದು. ಆದರೆ ಅದನ್ನು ಹೆಣ್ಣುಮಕ್ಕಳಿಗೆ ಬುದ್ಧಿವಾದವಾಗಿ ಹೇಳುತ್ತ ಬಂದ ನಾವು, ಮುಳ್ಳಿಗೆ ಒಂದು ದಿನವಾದರೂ ಬುದ್ಧಿ ಹೇಳಿದುದುಂಟೆ?

ನಮ್ಮ ಮನೆಯ ಮಾತು

ಇದು ಅಮೆರಿಕಾದವರ ನಡತೆಗೇಡಿತನ, ನಮ್ಮ ಸಂಸ್ಕೃತಿಯಲ್ಲಿ ಇಂತಹುದು ನಡೆಯದು ಎಂದು ಸಮಾಧಾನ ತಂದುಕೊಳ್ಳುವವರಿಗೆ ಕೆಲವು ಸಂಗತಿಗಳನ್ನು ನೆನಪು ಮಾಡಿಕೊಡುವುದು ಅವಶ್ಯಕ.

2019ರ ಜುಲೈ ತಿಂಗಳಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ, ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರವೆಸಗಿ ಅದನ್ನು ಚಿತ್ರೀಕರಿಸಿದ ಆಪಾದನೆಯ ಮೇಲೆ ಐವರು ವಿದ್ಯಾರ್ಥಿಗಳನ್ನು ಪೋಲೀಸರು ಬಂಧಿಸಿದರು. ಕೃತ್ಯವು ನಡೆದುದು ಅದಕ್ಕೆ ಕೆಲವು ತಿಂಗಳ ಹಿಂದೆ; ಬಯಲಿಗೆ ಬಂದುದು ಆ ಚಿತ್ರಿಕೆಯು ವಾಟ್ಸಾಪಿನಲ್ಲಿ ಊರೂರು ಸುತ್ತಿದ ಮೇಲೆ. ಸ್ಟ್ಯೂಬೆನ್‌ವಿಲ್ಲಿಗೂ ಪುತ್ತೂರಿಗೂ ಎರಡು ಸಮುದ್ರಗಳ ಅಂತರವಿದೆ. ಆದರೆ ಫೋನನ್ನು ಕೈಯಲ್ಲಿ ಹಿಡಿದು ನೋಡಿ, ಮುಂದಿನವನಿಗೆ ಕಳುಹಿಸಿದವನ ಮನಸ್ಸಿಗೆ ಯಾವ ಅಂತರವಿದೆ? ಕಳುಹಿಸಿದ ಪ್ರತಿಯೊಬ್ಬನೂ ಆ ಹುಡುಗಿಯ ಮೇಲಿನ ಹಿಂಸೆಯನ್ನು ಮತ್ತೊಮ್ಮೆ ನಡೆಸಿದನೆಂದೇ ಹೇಳಬೇಕು. 2024ರ ಏಪ್ರಿಲಿನಲ್ಲಿ ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಸನದಲ್ಲಿ ಪೆನ್ ಡ್ರೈವುಗಳನ್ನು ಬೀದಿಯಲ್ಲಿ ಚೆಲ್ಲಿದವರೂ ಇದನ್ನೇ ಮಾಡಿದರು. ಆ ಹಗರಣದಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿತು. ಆ ಮೊಕದ್ದಮೆಯಲ್ಲಿ ಧೈರ್ಯದಿಂದ ನಿಂತು ಸಾಕ್ಷ್ಯ ನುಡಿದವಳು ಮನೆಗೆಲಸದ ಹೆಂಗಸು. ಆದರೆ ತಮ್ಮ ಮುಖಗಳು ಊರಿನವರ ಫೋನುಗಳಲ್ಲಿ ಹರಿದಾಡಿದುದಕ್ಕಾಗಿ ತಲೆಮರೆಸಿಕೊಳ್ಳಬೇಕಾದವರು ಆ ಹೆಂಗಸರೇ ಹೊರತು, ಆ ಚಿತ್ರಿಕೆಗಳನ್ನು ಬಾಯಿ ಚಪ್ಪರಿಸಿ ನೋಡಿದವರಲ್ಲ.

ಶಾಲೆಗಳ ವಿಷಯಕ್ಕೆ ಬಂದರೆ 2014ರ ಜುಲೈ ತಿಂಗಳಿನ ಬೆಂಗಳೂರನ್ನು ಮರೆಯಲಾಗದು. ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರವಾಯಿತೆಂಬ ದೂರು ಬಂದಾಗ ಸಾವಿರಾರು ತಂದೆತಾಯಿಗಳು ಬೀದಿಗಿಳಿದರು. ಮೊದಲು ಬಂಧಿತನಾದ ಸ್ಕೇಟಿಂಗ್ ಶಿಕ್ಷಕನ ಮೇಲಿನ ಆಪಾದನೆ ನಿಲ್ಲಲಿಲ್ಲ. ಅನಂತರ ಇಬ್ಬರು ವ್ಯಾಯಾಮ ಶಿಕ್ಷಕರ ಬಂಧನವಾಯಿತು. ವಿಷಯವನ್ನು ಮುಚ್ಚಿಟ್ಟ ಆಪಾದನೆಯ ಮೇಲೆ ಶಾಲೆಯ ಮುಖ್ಯಸ್ಥರನ್ನೂ ಬಂಧಿಸಿ ಜಾಮೀನಿನ ಮೇಲೆ ಬಿಡಲಾಯಿತು. ಈ ಪ್ರಕರಣದಿಂದ ಕಲಿಯಬೇಕಾದ ಪಾಠಗಳು ಎರಡು. ಸಂಸ್ಥೆಯು ತನ್ನ ಹೆಸರಿನ ಚಿಂತೆಯಲ್ಲಿ ವಿಳಂಬ ಮಾಡಿದರೆ ಮಗುವಿಗೆ ಅನ್ಯಾಯವಾಗುತ್ತದೆ. ಜನಾಕ್ರೋಶದ ಒತ್ತಡದಲ್ಲಿ ಪೋಲೀಸರು ಆತುರಪಟ್ಟರೆ ನಿರಪರಾಧಿಗೂ ಅನ್ಯಾಯವಾಗಬಹುದು. ಮೊದಲ ಗಳಿಗೆಯಲ್ಲಿಯೇ ಸತ್ಯವನ್ನು ತಿಳಿಸಿ, ಸಾಕ್ಷ್ಯವನ್ನು ಕಾಪಾಡುವ ಶಾಲೆಯೊಂದೇ ಇಬ್ಬರನ್ನೂ ರಕ್ಷಿಸಬಲ್ಲುದು.

ಕ್ರೀಡಾಲೋಕದ ಮಾತು ಇನ್ನೂ ಕಠೋರವಾದುದು. 2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಮೊದಲಾದ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತು, ಭಾರತ ಕುಸ್ತಿ ಒಕ್ಕೂಟದ ಅಂದಿನ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗರ ಮೇಲೆ ಲೈಂಗಿಕ ಕಿರುಕುಳದ ಆಪಾದನೆ ಮಾಡಿದರು. ಪೋಲೀಸರು ದೂರು ದಾಖಲಿಸಿಕೊಳ್ಳಬೇಕಾದರೆ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಒಲಿಂಪಿಕ್ ಪದಕವನ್ನು ತಂದವರನ್ನು ಮೇ 28ರಂದು ದೆಹಲಿಯ ಬೀದಿಯಲ್ಲಿ ಪೋಲೀಸರು ಎಳೆದೊಯ್ದ ದೃಶ್ಯವನ್ನು ರಾಷ್ಟ್ರವೆಲ್ಲ ಕಂಡಿತು. ಆಪಾದಿತರು ಎಲ್ಲವನ್ನೂ ಅಲ್ಲಗಳೆದಿದ್ದಾರೆ. ಅಪ್ರಾಪ್ತವಯಸ್ಕ ಪಟುವಿನ ಹೆಸರಿನಲ್ಲಿ ದಾಖಲಾಗಿದ್ದ ಪ್ರಕರಣವು 2025ರ ಮೇ ತಿಂಗಳಲ್ಲಿ ಮುಕ್ತಾಯವಾಯಿತು. ಇತರ ಪಟುಗಳ ದೂರಿನ ಮೇಲೆ ನ್ಯಾಯಾಲಯವು 2024ರಲ್ಲಿ ದೋಷಾರೋಪ ನಿಗದಿ ಮಾಡಿತು. ನಿರ್ಣಯವು ನ್ಯಾಯಾಲಯದ ಹೊಣೆ; ಅದರ ಬಗೆಗೆ ಇಲ್ಲಿ ಏನನ್ನೂ ಹೇಳುವುದು ಯುಕ್ತವಲ್ಲ. ಆದರೆ ರಾಷ್ಟ್ರಕ್ಕೆ ಪದಕ ತಂದ ಪ್ರಸಿದ್ಧರಿಗೇ ದೂರು ದಾಖಲಾಗಬೇಕಾದರೆ ಇಷ್ಟು ಕಷ್ಟವಾದಲ್ಲಿ, ತಾಲ್ಲೂಕು ಮಟ್ಟದ ಪಂದ್ಯಕ್ಕೆ ಆಯ್ಕೆಯಾಗಲು ಒಬ್ಬ ವ್ಯಾಯಾಮ ಶಿಕ್ಷಕನ ಸಹಿಗಾಗಿ ಕಾದು ನಿಂತ ಹದಿನಾಲ್ಕು ವರ್ಷದ ಬಡ ಹುಡುಗಿಗೆ ಗತಿ ಏನು?

ಮೈಸೂರಿನ ನಡತೆ

ನಮ್ಮ ನಗರದ ಮಾತನ್ನೂ ಹೇಳದೆ ಬಿಡಲಾಗದು. 2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಾದ್ರಿಪುರದ ಬಳಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವಳ ಸ್ನೇಹಿತನಿಗೂ ಪೆಟ್ಟಾಯಿತು. ಇದು ಕ್ರೀಡೆಗೆ ಸಂಬಂಧಿಸಿದುದಲ್ಲ, ವಿದ್ಯಾರ್ಥಿಗಳು ಮಾಡಿದುದೂ ಅಲ್ಲ. ಆದರೆ ಅನಂತರದ ದಿನಗಳಲ್ಲಿ ದೊಡ್ಡವರು ಆಡಿದ ಮಾತು ಸ್ಟ್ಯೂಬೆನ್‌ವಿಲ್ಲಿನ ಮಾತೇ ಆಗಿತ್ತು. ಅಂದಿನ ಗೃಹಮಂತ್ರಿ ಆರಗ ಜ್ಞಾನೇಂದ್ರರು, ನಿರ್ಜನ ಸ್ಥಳಕ್ಕೆ ಅವರು ಹೋಗಬಾರದಿತ್ತೆಂದು ನುಡಿದು, ಖಂಡನೆಯಾದ ಮೇಲೆ ಮಾತನ್ನು ಹಿಂತೆಗೆದುಕೊಂಡರು. ಮೈಸೂರು ವಿಶ್ವವಿದ್ಯಾನಿಲಯವು ಸಂಜೆ 6-30ರ ಅನಂತರ ಮಾನಸಗಂಗೋತ್ರಿಯ ಆವರಣದಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡದಂತೆ ಸುತ್ತೋಲೆ ಹೊರಡಿಸಿ, ಟೀಕೆ ಬಂದ ಮೇಲೆ ಅದನ್ನೂ ಹಿಂತೆಗೆದುಕೊಂಡಿತು.

ಹಿಂತೆಗೆದುಕೊಂಡುದು ಒಳ್ಳೆಯದೇ. ಆದರೆ ಮೊದಲು ನಾಲಗೆಗೆ ಬಂದ ಮಾತು, ಮೊದಲು ಲೇಖನಿಗೆ ಬಂದ ಆಜ್ಞೆ ಯಾವುದೆಂಬುದು ಚಿಂತನೀಯ. ದೀಪವಿಲ್ಲದ ದಾರಿಗೆ ದೀಪ ಹಾಕಿಸುವುದಕ್ಕಿಂತ, ಪೋಲೀಸರ ಗಸ್ತನ್ನು ಹೆಚ್ಚಿಸುವುದಕ್ಕಿಂತ ಮೊದಲು ಹುಡುಗಿಯ ಹೆಜ್ಜೆಗೆ ಗೆರೆ ಎಳೆಯುವುದು ನಮ್ಮ ಅಧಿಕಾರವರ್ಗಕ್ಕೆ ಅಭ್ಯಾಸವಾಗಿದೆ. ಇಂತಹ ಆಜ್ಞೆಯನ್ನು ಓದಿದ ಹುಡುಗಿಯು, ತನಗೆ ನಾಳೆ ಏನಾದರೂ ಆದರೆ ಮೊದಲ ಪ್ರಶ್ನೆ ತನ್ನನ್ನೇ ಕೇಳುತ್ತಾರೆಂಬುದನ್ನು ತಿಳಿದುಕೊಳ್ಳುತ್ತಾಳೆ. ತಿಳಿದುಕೊಂಡು ಬಾಯಿ ಮುಚ್ಚುತ್ತಾಳೆ. ಅವಳ ಆ ಮೌನವೇ ದುಷ್ಟನಿಗೆ ಕವಚ. ಇದೇ ಮೈಸೂರಿನಲ್ಲಿ ಇಬ್ಬರು ಪತ್ರಕರ್ತರು ಆರಂಭಿಸಿದ ಒಡನಾಡಿ ಸಂಸ್ಥೆಯು ಮೂರು ದಶಕಗಳಿಗೂ ಮೀರಿ ನೊಂದ ಹೆಣ್ಣುಮಕ್ಕಳಿಗೆ ಆಶ್ರಯ ಕೊಡುತ್ತ ಬಂದಿದೆ. ದೂರದ ಜಿಲ್ಲೆಗಳ ಬಾಲಿಕೆಯರೂ ಅಲ್ಲಿಯ ಬಾಗಿಲು ತಟ್ಟಿದ್ದಾರೆ. ಅಂತಹ ಬಾಗಿಲು ಪ್ರತಿಯೊಂದು ಶಾಲೆಯಲ್ಲಿಯೂ ಇರಬೇಡವೆ?

ಕಾಯಿದೆಯು ಹೇಳುವುದೇನು

ನಮ್ಮ ದೇಶದಲ್ಲಿ ಕಾಯಿದೆಗೆ ಕೊರತೆಯಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ‘ಪೋಕ್ಸೋ’ ಕಾಯಿದೆಯು 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಹದಿನೆಂಟು ವರ್ಷದೊಳಗಿನವರ ಮೇಲೆ ಅಪರಾಧ ನಡೆದುದು ಗೊತ್ತಿರುವ, ನಡೆಯಬಹುದೆಂಬ ಶಂಕೆಯಿರುವ ಯಾವ ವ್ಯಕ್ತಿಯೇ ಆಗಲಿ ಪೋಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಕಲಮು ವಿಧಿಸುತ್ತದೆ. ತಿಳಿಸದಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು; ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಅದು ಒಂದು ವರ್ಷದವರೆಗೆ ಹೋಗಬಹುದು. ಸದ್ಭಾವನೆಯಿಂದ ತಿಳಿಸಿದವನ ಮೇಲೆ ಮೊಕದ್ದಮೆ ನಡೆಯದೆಂಬ ರಕ್ಷಣೆಯೂ ಅಲ್ಲಿಯೇ ಇದೆ. ತಿಳಿಸದ ತಪ್ಪಿಗಾಗಿ ಮಕ್ಕಳನ್ನು ಶಿಕ್ಷಿಸುವಂತಿಲ್ಲ. ಆ ಹೊಣೆಯನ್ನು ಕಾಯಿದೆಯು ವಿವೇಕದಿಂದ ಹಿರಿಯರ ಮೇಲೆಯೇ ಹೊರಿಸಿದೆ. ನೊಂದವಳ ಗುರುತನ್ನು ಬಹಿರಂಗಪಡಿಸುವುದೂ ಅಪರಾಧ. ಮಹಾರಾಷ್ಟ್ರದ ವಿದ್ಯಾರ್ಥಿನಿಲಯವೊಂದರ ಮೊಕದ್ದಮೆಯಲ್ಲಿ, ಕೃತ್ಯವನ್ನು ತಿಳಿದೂ ತಿಳಿಸದಿರುವುದು ಗಂಭೀರವಾದ ಅಪರಾಧವೆಂದು 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಫೋನಿನಲ್ಲಿ ಇಟ್ಟುಕೊಳ್ಳುವುದರ ವಿಷಯದಲ್ಲಿಯೂ 2024ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯವು ಕಠಿಣವಾದ ನಿಲುವನ್ನು ತಳೆಯಿತು. 2025ರಲ್ಲಿ ಅಂಗೀಕೃತವಾದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಮಹಿಳೆಯರನ್ನೂ ಅಪ್ರಾಪ್ತವಯಸ್ಕ ಪಟುಗಳನ್ನೂ ಕಾಪಾಡುವ ಸುರಕ್ಷಿತ ಕ್ರೀಡಾ ನೀತಿಯನ್ನು ವಿಧಿಸಿದೆ.

ಕಾಯಿದೆಯು ಪುಸ್ತಕದಲ್ಲಿದೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಅದು ಇದೆಯೇ ಎಂಬುದೇ ಸಂದೇಹ. ದೂರು ಬಂದಾಗ ಅಲ್ಲಿ ಮೊದಲು ಕೇಳಿಬರುವ ಸಲಹೆಗಳನ್ನು ಬಲ್ಲವರು ಬಲ್ಲರು: ‘ಹುಡುಗಿಯ ಮದುವೆಯ ಪ್ರಶ್ನೆ ಇದೆ’, ‘ಶಾಲೆಯ ಹೆಸರು ಕೆಡುತ್ತದೆ’, ‘ಪರೀಕ್ಷೆ ಮುಗಿಯಲಿ’, ‘ಎರಡು ಕಡೆಯ ಹಿರಿಯರನ್ನು ಕೂಡಿಸಿ ಮಾತನಾಡೋಣ’. ಈ ನಾಲ್ಕು ವಾಕ್ಯಗಳಲ್ಲಿ ಕರುಣೆಯ ಧ್ವನಿಯಿದೆ. ಆದರೆ ಪೋಕ್ಸೋ ಪ್ರಕರಣದಲ್ಲಿ ಇವುಗಳಲ್ಲಿ ಯಾವುದೊಂದನ್ನು ಕೇಳಿ ಸುಮ್ಮನಾದರೂ ಆ ಮುಖ್ಯೋಪಾಧ್ಯಾಯರು ಸ್ವತಃ ಅಪರಾಧಿಯಾಗುತ್ತಾರೆ. ರಾಜಿಯನ್ನು ಮಾಡಿಸಲು ಅವರಿಗಾಗಲಿ, ಶಾಲಾಭಿವೃದ್ಧಿ ಸಮಿತಿಗಾಗಲಿ ಅಧಿಕಾರವಿಲ್ಲ.

ಆಕ್ಷೇಪಗಳು

ಇಲ್ಲಿ ವಿಚಾರವಂತರಾದ ವಾಚಕರು ಎತ್ತಬಹುದಾದ ಕೆಲವು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಸುಳ್ಳು ದೂರಿನಿಂದ ಒಳ್ಳೆಯ ಶಿಕ್ಷಕನ ಬಾಳು ಹಾಳಾಗುವುದಿಲ್ಲವೇ ಎಂಬುದು ಮೊದಲನೆಯದು. ಆಗಬಹುದು, ಆ ಭಯವು ನಿರಾಧಾರವಲ್ಲ. ಅದಕ್ಕೆ ಪರಿಹಾರ ನಿಷ್ಪಕ್ಷಪಾತವಾದ, ತ್ವರಿತವಾದ ತನಿಖೆ. ಮುಚ್ಚಿಟ್ಟ ಆಪಾದನೆಯು ನಿರಪರಾಧಿಯನ್ನು ಬಿಡಿಸುವುದಿಲ್ಲ. ಗುಸುಗುಸು ಮಾತಾಗಿ ಆಜನ್ಮ ಅವನ ಬೆನ್ನು ಹತ್ತುತ್ತದೆ.

ತಪ್ಪು ಮಾಡಿದವರೂ ಹುಡುಗರೇ ಅಲ್ಲವೇ, ಅವರ ಭವಿಷ್ಯವೇನು ಎಂಬುದು ಎರಡನೆಯದು. ನಮ್ಮ ಬಾಲನ್ಯಾಯ ಕಾಯಿದೆಯು ಬಾಲಾಪರಾಧಿಯ ಸುಧಾರಣೆಯನ್ನೇ ಮುಖ್ಯವಾಗಿ ಬಯಸುತ್ತದೆ. 2015ರ ಕಾಯಿದೆಯಂತೆ ಘೋರಾಪರಾಧ ಮಾಡಿದ ಹದಿನಾರರಿಂದ ಹದಿನೆಂಟರ ವಯಸ್ಸಿನವರನ್ನು ಮಾತ್ರ, ಪರಿಶೀಲನೆಯ ಅನಂತರ, ವಯಸ್ಕರಂತೆ ವಿಚಾರಿಸಬಹುದು. ಸುಧಾರಣೆಯನ್ನು ನಾವೂ ಬಯಸುತ್ತೇವೆ. ಆದರೆ ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳದೆ ಸುಧಾರಣೆ ಎಲ್ಲಿಂದ ಆರಂಭವಾಗಬೇಕು? ಮಗನನ್ನು ಠಾಣೆಯಿಂದ ಬಿಡಿಸಿ ತಂದು ಮರುದಿನ ಪಂದ್ಯಕ್ಕೆ ಕಳುಹಿಸುವ ತಂದೆಯು ಅವನ ಭವಿಷ್ಯವನ್ನು ಕಾಪಾಡಿದನೆಂದು ಭ್ರಮಿಸುತ್ತಾನೆ. ವಾಸ್ತವವಾಗಿ ಅವನಿಗೆ ಎರಡನೆಯ ಅಪರಾಧಕ್ಕೆ ಪರವಾನಗಿಯನ್ನು ಬರೆದುಕೊಡುತ್ತಾನೆ.

ಮೂರನೆಯ ಆಕ್ಷೇಪವು ಆಟವನ್ನು ಪ್ರೀತಿಸುವವರದು: ಇಷ್ಟು ಸಂಶಯವಿದ್ದರೆ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಯಾರು ಕಳುಹಿಸಿಯಾರು ಎಂದು. ಗರಡಿಮನೆಗಳ ಊರಾದ ಮೈಸೂರಿಗೆ ಈ ಮಾತು ಅರ್ಥವಾಗುತ್ತದೆ. ಗರಡಿಯ ಮಣ್ಣಿಗೆ ಪೂಜೆ ಸಲ್ಲಿಸಿ, ಗುರುವಿಗೆ ನಮಸ್ಕರಿಸಿ ಆಟಕ್ಕಿಳಿಯುವ ಪದ್ಧತಿ ನಮ್ಮದು. ಗುರುವಿನ ಮೇಲಿನ ಆ ಭಕ್ತಿಯನ್ನು ಉಳಿಸಿಕೊಳ್ಳಬೇಕೆಂದೇ ನಾವು ಇದನ್ನು ಬರೆಯುತ್ತಿದ್ದೇವೆ. ಭಕ್ತಿ ಇರುವಲ್ಲಿ ದ್ರೋಹವು ಸುಲಭ. ಪ್ರಶ್ನೆ ಕೇಳಬಾರದವನೆನಿಸಿದ ಗುರುವಿಗೆ ತಪ್ಪು
ಮಾಡುವ ಅವಕಾಶವೂ ಹೆಚ್ಚು. ಮೈದಾನವನ್ನು ನಿರ್ಭಯವಾಗಿಸಿದರೆ ಹೆಣ್ಣುಮಕ್ಕಳು ಹೆಚ್ಚಾಗಿಯೇ ಬರುತ್ತಾರೆ.

ಕರ್ತವ್ಯ

ಹಾಗಾದರೆ ಆಗಬೇಕಾದುದೇನು? ಪ್ರತಿಯೊಂದು ಹೈಸ್ಕೂಲಿನಲ್ಲಿಯೂ ಕ್ರೀಡಾಸಂಘದಲ್ಲಿಯೂ ದೂರನ್ನು ಯಾರಿಗೆ ಹೇಳಬೇಕೆಂಬುದು ಮಕ್ಕಳಿಗೆ ಹೆಸರುಸಹಿತ ತಿಳಿದಿರಬೇಕು. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಬೇಕು. ಬಾಲಕಿಯರ ತಂಡವು ಪರವೂರಿನ ಪಂದ್ಯಕ್ಕೆ ಹೊರಟಾಗ ಜೊತೆಯಲ್ಲಿ ಶಿಕ್ಷಕಿಯೊಬ್ಬರು ಇರಲೇಬೇಕು. ತಂಡದ ಆಯ್ಕೆಯ ಅಧಿಕಾರವನ್ನು ಒಬ್ಬನೇ ವ್ಯಕ್ತಿಯ ಕೈಯಲ್ಲಿ ಬಿಡಕೂಡದು. ಏಕೆಂದರೆ ಆಯ್ಕೆಯ ಆಸೆಯೇ ಹುಡುಗಿಯ ಬಾಯಿಗೆ ಹಾಕುವ ಬೀಗ. ಗಂಡುಮಕ್ಕಳಿಗೆ ಓಟವನ್ನೂ ನೆಗೆತವನ್ನೂ ಕಲಿಸುವ ಶಿಕ್ಷಕರೇ, ಒಪ್ಪಿಗೆಯಿಲ್ಲದೆ ಮುಟ್ಟುವುದು ಅಪರಾಧ, ಎಚ್ಚರವಿಲ್ಲದವರಿಂದ ಒಪ್ಪಿಗೆಯೆಂಬುದು ಇಲ್ಲ, ಇಂತಹ ಚಿತ್ರಿಕೆಯು ಕೈಗೆ ಬಂದರೆ ಮುಂದಕ್ಕೆ ಕಳುಹಿಸದೆ ಹಿರಿಯರಿಗೆ ತಿಳಿಸಬೇಕು ಎಂಬ ಮೂರು ಮಾತುಗಳನ್ನು ಸ್ಪಷ್ಟವಾಗಿ ಕಲಿಸಲಿ. ತರಬೇತುದಾರನ ಮಾತಿಗೆ ಹುಡುಗರು ಕೊಡುವಷ್ಟು ಬೆಲೆಯನ್ನು ತಂದೆಯ ಮಾತಿಗೂ ಕೊಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಅಷ್ಟು ಬೆಲೆಯುಳ್ಳ ಬಾಯಿಯಿಂದ ಈ ಮಾತು ಬರಬೇಕು.

ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿಯನ್ನು ಎಳೆದು ತಂದಾಗ ಅಲ್ಲಿ ದುಶ್ಶಾಸನನೊಬ್ಬನೇ ಇರಲಿಲ್ಲ. ಕುಲವೃದ್ಧನಾದ ಭೀಷ್ಮನಿದ್ದನು; ಅಸ್ತ್ರವಿದ್ಯೆಯನ್ನು ಕಲಿಸಿದ ದ್ರೋಣನಿದ್ದನು. ಅಪರಾಧಿಗಳು ಅವನ ಶಿಷ್ಯರು, ಸೋತು ಕುಳಿತವರೂ ಅವನ ಶಿಷ್ಯರು. ಆಚಾರ್ಯನ ಬಾಯಿಂದ ಒಂದು ಮಾತು ಬಂದಿದ್ದರೆ ಸಭೆಯ ಗತಿಯೇ ಬೇರೆಯಾಗುತ್ತಿತ್ತೋ ಏನೋ. ಎದ್ದು ನಿಂತು ಇದು ಅಧರ್ಮವೆಂದು ಹೇಳಿದವನು ಕೌರವರಲ್ಲಿಯೇ ಕಿರಿಯನಾದ ವಿಕರ್ಣನು. ವಿದ್ಯೆಯಲ್ಲಿ ಹಿರಿಯರಾದವರು ಸುಮ್ಮನಿದ್ದ ಕಡೆ ವಯಸ್ಸಿನಲ್ಲಿ ಕಿರಿಯನು ಸಭೆಯ ಮಾನವನ್ನು ಉಳಿಸಲು ಯತ್ನಿಸಿದನು. ಅವನ ಮಾತು ಅಂದು ನಡೆಯಲಿಲ್ಲ. ಆದರೆ ಆ ಸಭೆಯನ್ನು ನೆನೆದಾಗ ಅವನ ಹೆಸರನ್ನು ಹೇಳಲು ನಮಗೆ ನಾಚಿಕೆಯಾಗುವುದಿಲ್ಲ.

ನಮ್ಮ ಶಾಲೆಗಳಿಗೆ ಪಾರಿತೋಷಕಗಳು ಬರಲಿ, ನಮ್ಮ ಹುಡುಗ ಹುಡುಗಿಯರು ರಾಷ್ಟ್ರಕ್ಕೆ ಕೀರ್ತಿ ತರಲಿ. ಆದರೆ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತ ಬೆಳ್ಳಿಯ ಬಟ್ಟಲುಗಳ ಹಿಂದೆ ಒಬ್ಬ ಬಾಲಿಕೆಯ ಕಣ್ಣೀರು ಅಡಗಿದ್ದರೆ ಆ ಬೆಳ್ಳಿಗೆ ಬೆಲೆಯಿಲ್ಲ. ಊರಿನ ಮಾನವಿರುವುದು ಅವಳ ದೂರನ್ನು ಮುಚ್ಚುವುದರಲ್ಲಲ್ಲ, ಅವಳು ಬಾಯಿ ತೆರೆದ ದಿನ ಅವಳ ಪಕ್ಕದಲ್ಲಿ ನಿಲ್ಲುವುದರಲ್ಲಿ. ಮುಖ್ಯೋಪಾಧ್ಯಾಯರು, ವ್ಯಾಯಾಮ ಶಿಕ್ಷಕರು, ಅಧಿಕಾರಿಗಳು, ತಂದೆತಾಯಿಗಳು ಇದನ್ನು ಇಂದೇ ನಿಶ್ಚಯಿಸಿಕೊಳ್ಳಬೇಕು. ಅಪರಾಧವು ನಡೆದ ಮರುದಿನ ಬೆಳಿಗ್ಗೆ ನಿಶ್ಚಯಿಸಲು ಹೊರಟರೆ ಹೊತ್ತು ಮೀರಿರುತ್ತದೆ.